ಕೋಳಿ ದ್ಯಾವೀರಿಯ ಜಗಳದ ಮೊಟ್ಟೆಗಳು

ಬಲು ಹಿಂದೆ, ಹೊನ್ನೆಕೊಪ್ಪಲು ಅನ್ನೋ ಒಂದೂರಲ್ಲಿ ದ್ಯಾವೀರಿ ಅಂತ ಒಬ್ಬ ಹೆಂಗಸಿದ್ದಳಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ. ನಾನು ನಮ್ಮಜ್ಜಿಯನ್ನು ಕೇಳಿದಾಗ ಅವಳು ಎಲೆಅಡಿಕೆ ಉಗಿದು, ‘ನಮ್ಮಜ್ಜೀನ ಕೇಳು’ ಅಂದಳು. ಆ ಅಜ್ಜಿ ಆಗಲೇ ಮಣ್ಣಾಗಿ ಅವಳ ಮೇಲೆ ಹುಣಸೆಗಿಡ ಹುಟ್ಟಿತ್ತು. ಅಷ್ಟು ಹಿಂದೆ ಅಂತ ಇಟ್ಟುಕೊಳ್ಳಿ.

ದ್ಯಾವೀರಿಗೆ ಗಂಡ ಇರಲಿಲ್ಲ. ಸತ್ತ ಅಂತ ಕೆಲವರು ಅಂತಾರೆ, ಇವಳ ಬಾಯಿಗೆ ಹೆದರಿ ಒಂದು ಕಂಬಳಿ ಹೆಗಲಿಗೆ ಹಾಕಿಕೊಂಡು ದೇಶಾಂತರ ಹೋದ ಅಂತ ಕೆಲವರು ಅಂತಾರೆ. ನನಗೆ ಎರಡನೆಯದೇ ನಿಜ ಅನ್ನಿಸುತ್ತೆ. ಮಕ್ಕಳೂ ಇರಲಿಲ್ಲ. ಇದ್ದದ್ದು ಒಂದು ಗುಡಿಸಲು, ಗುಡಿಸಲ ಹಿಂದೆ ಒಂದು ಹಿತ್ತಲು, ಹಿತ್ತಲಲ್ಲಿ ಒಂದು ಹುಲ್ಲು ಮೆದೆ, ಮೆದೆಯ ಸುತ್ತ ಕೋಳಿಗಳು. ನಲವತ್ತು ಕೋಳಿ ಅಂತಾರೆ. ನೂರು ಅಂತಲೂ ಅಂತಾರೆ. ಅವಳು ಮೊರದಲ್ಲಿ ನುಚ್ಚು ಹಿಡಿದು ‘ಕೊಕ್ಕೊಕ್ಕೊಕ್ಕೋ’ ಅಂತ ಕರೆದರೆ ಪಕ್ಕದೂರಿನ ಹುಂಜಗಳೂ ಕೆರೆ ಏರಿ ದಾಟಿ ಓಡಿ ಬರುತ್ತಿದ್ದವಂತೆ. ನುಚ್ಚಿಗೇ ಬರುತ್ತಿದ್ದವು ಅಂತ ನಾನು ಆಣೆ ಮಾಡಲ್ಲ. ಅವಳ ಹಿತ್ತಲಲ್ಲಿ ಹೇಂಟೆಗಳು ಬಲು ಚೆನ್ನಾಗಿದ್ದವು.

ಬೆಳಗ್ಗೆ ಗೂಡು ತೆಗೆದು ಒಂದೊಂದೇ ಕೋಳಿಯನ್ನು ಕಂಕುಳಲ್ಲಿ ಹಿಡಿದು ಹಿಂದೆ ಬೆರಳಿಟ್ಟು ನೋಡಿ, ಇದು ಇವತ್ತು ಇಕ್ಕುತ್ತೆ, ಇದು ನಾಳೆ, ಇದಕ್ಕೆ ಕಾವು ಬಂದಿದೆ ಅಂತ ಹೇಳಿಬಿಡುತ್ತಿದ್ದಳಂತೆ. ಊರಿನ ಹೆಣ್ಣುಮಕ್ಕಳದ್ದು ಬರೀ ಮುಖ ನೋಡಿಯೇ ಹೇಳುತ್ತಿದ್ದಳಂತೆ. ಅದಕ್ಕೇ ಒಂದಿಬ್ಬರು ಅವಳ ಬೀದಿ ಬಿಟ್ಟು ಸುತ್ತು ಬಳಸಿ ನೀರಿಗೆ ಹೋಗುತ್ತಿದ್ದರು. ಅವರ ಹೆಸರು ನನಗೆ ಗೊತ್ತು, ಈಗ ಬೇಡ, ಮೊಮ್ಮಕ್ಕಳು ಇದ್ದಾರೆ.

ಆದರೆ ದ್ಯಾವೀರಿಯ ಹೆಸರು ಬೆಳೆದದ್ದು ಕೋಳಿಯಿಂದಲ್ಲ, ಜಗಳದಿಂದ. ಕೋಳಿ ಸಾಕಿದವಳಿಗೆ ಜಗಳ ತಪ್ಪಿದ್ದಲ್ಲ, ಅದು ನಿಮಗೂ ಗೊತ್ತು. ಕೋಳಿಗೆ ಬೇಲಿಯಿಲ್ಲ. ಅದು ಒಬ್ಬರ ಮನೆಯಲ್ಲಿ ಮೇಯುತ್ತೆ, ಇನ್ನೊಬ್ಬರ ಮನೆಯಲ್ಲಿ ಇಕ್ಕುತ್ತೆ, ಮೂರನೆಯವರ ಒಣಗಲು ಹಾಕಿದ ರಾಗಿ ಕೆದರುತ್ತೆ. ಆದರೆ ದ್ಯಾವೀರಿಯ ಜಗಳ ಬೇರೆ ತರ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗೆ ಬಂದು ನಿಂತಳು ಅಂದರೆ ಹೊಂಗೆಮರದ ಕಾಗೆಗಳು ಎದ್ದು ಹೋಗುತ್ತಿದ್ದವಂತೆ. ಅಂಥಾ ಜಗಳ ಮಾಡಿಯೂ ಅವಳು ಒಂದು ಸಲವೂ ಗೆಲ್ಲಲಿಲ್ಲವಂತೆ. ಪ್ರತಿ ಸಲ ಸೋತು, ಕಾಲು ಅಪ್ಪಳಿಸಿಕೊಂಡು, ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದಳಂತೆ. ಊರಿಗೆ ಊರೇ ನಗುತ್ತಿತ್ತು. ಇಷ್ಟು ಬಾಯಿದ್ದೂ ದಡ್ಡಿ ಅಂತ.

ಒಂದು ಸಲ ಕುಂಬಾರ ತಾತನ ಬಾಗಿಲಿಗೆ ಹೋಗಿ ಕಿರುಚಿದಳಂತೆ. ನಿನ್ನ ಒಡೆದ ಮಡಕೆಯ ಚೂರು ತುಳಿದು ನನ್ನ ಕೋಳಿ ಕಾಲು ಕುಯ್ದುಕೊಂಡಿದೆ, ವಾಸಿಯಾಗೋವರೆಗೆ ನೀನೇ ಇಟ್ಟುಕೊಂಡು ಸಾಕು ಅಂದಳಂತೆ. ಕೋಳಿಯನ್ನು ಅಲ್ಲೇ ಬಿಟ್ಟು ಬಂದಳು. ಹೆಂಡತಿ ಸತ್ತು ಒಪ್ಪೊತ್ತು ಗಂಜಿ ಕುಡಿಯುತ್ತಿದ್ದ ಮುದುಕ. ಕೋಳಿ ದಿನ ಬಿಟ್ಟು ದಿನ ಅವನ ಒಲೆ ಪಕ್ಕ ಮೊಟ್ಟೆ ಇಕ್ಕಿತು. ಮುದುಕ ಮೊಟ್ಟೆ ವಾಪಸ್ ತಂದರೆ, ನಿನ್ನ ಮನೆ ಬೂದಿಯಲ್ಲಿ ಬಿದ್ದ ಮೊಟ್ಟೆ ನನಗೆ ಬೇಡ ಅಂತ ಅಟ್ಟಿದಳಂತೆ. ಆ ಕೋಳಿಯ ಕಾಲು ವಾಸಿಯಾಗೋಕೆ ಎರಡು ವರ್ಷ ಹಿಡಿಯಿತು.

ಇನ್ನೊಂದು ಸಲ ಗೋಡೆ ಪಕ್ಕದ ಲಕ್ಕವ್ವನ ಮೇಲೆ ಹೋದಳಂತೆ. ಈ ಲಕ್ಕವ್ವ ಊರಿನ ಸುದ್ದಿಯೆಲ್ಲ ಹೊತ್ತು ತಿರುಗೋ ಹೆಂಗಸು. ನಮ್ಮ ತಾಯಿ ಕಡೆಯವಳೇ, ಮುಚ್ಚಿಡೋದು ಯಾಕೆ. ಅವಳ ಗಂಡ ಬಾವಿಕಟ್ಟೆಯಿಂದ ಬಿದ್ದು ಸೊಂಟ ಮುರಿದು ಮಲಗಿದ್ದ ಕಾಲ ಅದು. ದ್ಯಾವೀರಿ ಒಂದು ಹೇಂಟೆ, ಒಂಬತ್ತು ಮರಿ ಕುಕ್ಕೆಯಲ್ಲಿ ಹೊತ್ತು ತಂದು ಬೀದಿ ಮಧ್ಯೆ ಇಳಿಸಿದಳಂತೆ.

‘ನಿನ್ನ ಕೆಂಪು ಹುಂಜ ನನ್ನ ಹೇಂಟೇನ ಕೆಡಿಸಿಬಿಡ್ತು ಕಣೇ! ನೋಡು, ಒಂಬತ್ತಕ್ಕೂ ನಿನ್ನ ಹುಂಜದ್ದೇ ಮೂತಿ. ಹುಟ್ಟಿಸಿದವರು ಸಾಕಬೇಕು!’

‘ನನ್ನ ಹುಂಜ ಮರ್ಯಾದಸ್ಥ’ ಅಂತ ಲಕ್ಕವ್ವ ಕೂಗಿದಳಂತೆ. ‘ನಿನ್ನ ಹೇಂಟೆಯೇ ಗೋಡೆ ಹಾರಿ ಬಂದಿರಬೇಕು!’

ಬೀದಿಯ ಗಂಡಸರೆಲ್ಲ ಹೊಟ್ಟೆ ಹಿಡಿದು ನಕ್ಕರಂತೆ. ಕೊನೆಗೆ ತಾಯಿ, ಮರಿ ಎಲ್ಲ ಲಕ್ಕವ್ವನ ಮನೆ ಸೇರಿದವು. ಲಕ್ಕವ್ವ ಆ ಜಗಳ ಗೆದ್ದೆ ಅಂತ ವರ್ಷವಿಡೀ ಹೇಳಿಕೊಂಡು ತಿರುಗಿದಳು. ಗಂಡನಿಗೆ ಕೋಳಿ ಸಾರು ಕುಡಿಸಿ ಎಬ್ಬಿಸಿ ಕೂರಿಸಿದ್ದನ್ನು ಮಾತ್ರ ಹೇಳಲಿಲ್ಲ.

ಹೀಗೆ ಮನೆಮನೆಗೂ ಜಗಳ, ಮನೆಮನೆಗೂ ಸೋಲು. ಇದು ಯಾಕೆ ಹೀಗೆ ಅಂತ ಹೊನ್ನೆಕೊಪ್ಪಲಿನಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲವಂತೆ. ಗೆದ್ದವರು ಯೋಚನೆ ಮಾಡೋದು ಕಮ್ಮಿ.

ಆ ಊರಿನ ಮೇಗಲಬೀದಿಯಲ್ಲಿ ಸಿದ್ದಾಜಿ ಅಂತ ಒಬ್ಬಳಿದ್ದಳು. ಒಂದು ಕಾಲದಲ್ಲಿ ಎರಡು ಜೊತೆ ಎತ್ತು ಕಟ್ಟಿದ್ದ ಮನೆ, ಆಮೇಲೆ ಒಂದು ಹೊತ್ತಿನ ಹಿಟ್ಟಿಗೂ ಇಲ್ಲದಂಗಾಯಿತು. ಎತ್ತು ಹೋದವು, ಹೊಲ ಹೋಯಿತು, ಕತ್ತು ಮಾತ್ರ ಬಗ್ಗಲಿಲ್ಲ. ಪಟೇಲ ಜವರಪ್ಪನ ಹೆಂಡತಿ ಒಂದು ಮೊರ ರಾಗಿ ಕಳಿಸಿದರೆ, ಆ ರಾಗಿಯ ಮೇಲೆ ತನ್ನ ಮನೆಯ ಕೊನೆಯ ಬೆಲ್ಲದಚ್ಚು ಇಟ್ಟು ವಾಪಸ್ ಕಳಿಸಿದಳಂತೆ. ಅಂಥವಳು.

ಅವಳ ಮಗಳು ಚಿಕ್ಕತಾಯಿ ಚೊಚ್ಚಲ ಹೆರಿಗೆಗೆ ತೌರಿಗೆ ಬಂದಳು. ಹೆರಿಗೆಯೇನೋ ಆಯಿತು, ಹೆಣ್ಣುಮಗು. ಆದರೆ ಬಾಣಂತಿಗೆ ಮೈಯಲ್ಲಿ ರಕ್ತವಿಲ್ಲ, ಎದೆಯಲ್ಲಿ ಹಾಲಿಲ್ಲ. ಮಗುವಿನ ಅಳು ದಿನದಿನಕ್ಕೂ ಸಣ್ಣಗಾಗುತ್ತಾ ಬಂತು. ಇವಳಿಗೆ ತಿಂಗಳೊಪ್ಪತ್ತು ದಿನಕ್ಕೆರಡು ಮೊಟ್ಟೆ ಬೀಳಲೇಬೇಕು, ಇಲ್ಲದಿದ್ದರೆ ತಾಯಿ ಮಗು ಎರಡೂ ನಿಮ್ಮದಲ್ಲ ಅಂತ ಸೂಲಗಿತ್ತಿ ಹೇಳಿ ಹೋದಳಂತೆ. ಸಿದ್ದಾಜಿಯ ಮನೆಯಲ್ಲಿ ಇದ್ದದ್ದು ಒಂದೇ ಒಂದು ಚುಕ್ಕೆ ಹೇಂಟೆ. ಮುದಿ ಕೋಳಿ. ಮೊಟ್ಟೆ ನಿಲ್ಲಿಸಿ ಎರಡು ವರ್ಷವಾಗಿತ್ತು. ಅದನ್ನು ಕುಯ್ದರೆ ಒಂದು ದಿನದ ಸಾರು, ಆಮೇಲೆ? ಊರಿನವರು ಮೊಟ್ಟೆ ಕೊಡೋಕೆ ತಯಾರಿದ್ದರು. ತಗೊಳ್ಳೋಕೆ ಸಿದ್ದಾಜಿ ತಯಾರಿರಲಿಲ್ಲ.

ಸೂಲಗಿತ್ತಿ ದ್ಯಾವೀರಿಯ ಬೀದಿಯಲ್ಲೇ ಹೋಗಬೇಕಲ್ಲ. ಹೋದಳು. ಮಾರನೇ ದಿನ ಹೊತ್ತು ಮೂಡುವಾಗಲೇ ದ್ಯಾವೀರಿ ಸಿದ್ದಾಜಿಯ ಬಾಗಿಲಲ್ಲಿ ನಿಂತಿದ್ದಳಂತೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

‘ಏ ಸಿದ್ದಾಜಿ! ನಿನ್ನ ಚುಕ್ಕೆ ಕೋಳಿ ಗೊಡ್ಡಂತಲ್ಲೇ?’

ಸಿದ್ದಾಜಿ ಪೊರಕೆ ಹಿಡಿದುಕೊಂಡೇ ಆಚೆ ಬಂದಳಂತೆ. ‘ಯಾವಳೇ ಹೇಳಿದ್ದು? ನನ್ನ ಕೋಳಿ ದಿನಾ ಇಕ್ಕುತ್ತೆ!’

‘ದಿನಾ ಇಕ್ಕುತ್ತಾ?’

‘ದಿನಕ್ಕೆರಡು ಇಕ್ಕುತ್ತೆ!’

‘ಹಂಗಾದ್ರೆ ಎಲ್ಲೇ ಮೊಟ್ಟೆ?’

‘ಎಲ್ಲೋ ಇಕ್ಕುತ್ತೆ, ಕೋಳಿಗೇನು ಕಟ್ಟುಪಾಡಾ? ನಿನಗ್ಯಾಕೆ?’

‘ಎಲ್ಲೋ ಅಲ್ಲ ಕಣೇ, ನನ್ನ ಹುಲ್ಲು ಮೆದೇಲಿ ಇಕ್ಕುತ್ತೆ! ಬಾ, ಬಂದು ಎತ್ಕೊಂಡು ಹೋಗು. ನಾಳೆ ಯಾರಾದ್ರೂ ದ್ಯಾವೀರಿ ಮೊಟ್ಟೆ ಕಳ್ಳಿ ಅಂದ್ರೆ ನಿನ್ನ ಜುಟ್ಟು ಕಿತ್ತು ಕೈಗೆ ಕೊಡ್ತೀನಿ!’

ಸಿದ್ದಾಜಿ ಏನು ಮಾಡಬೇಕು? ನನ್ನ ಕೋಳಿಯದ್ದಲ್ಲ ಅಂದರೆ ತನ್ನ ಕೋಳಿ ಗೊಡ್ಡು ಅಂತ ಬೀದಿಯಲ್ಲಿ ಒಪ್ಪಿಕೊಂಡ ಹಾಗೆ. ಹೋದಳು. ಮೆದೆಯ ಸಂದಿಯಲ್ಲಿ ಬೆಚ್ಚಗೆ ಎರಡು ಮೊಟ್ಟೆ ಇದ್ದವು. ಎತ್ತಿಕೊಂಡು, ದ್ಯಾವೀರಿಗೆ ನಾಲ್ಕು ಬೈದು, ಗೆದ್ದು ಬಂದಳಂತೆ.

ಅಂದಿನಿಂದ ದಿನಾ ಹಾಗೇ. ದಿನಾ ಬೆಳಗ್ಗೆ ದ್ಯಾವೀರಿ ಬಂದು ಬೀದಿ ಹಾರಿಹೋಗೋ ಹಂಗೆ ಕಿರುಚೋದು, ಸಿದ್ದಾಜಿ ಹೋಗಿ ಎರಡು ಮೊಟ್ಟೆ ತರೋದು. ಮುದಿ ಕೋಳಿಗೂ ಮತ್ತೆ ಕಾಲ ಬರುತ್ತೆ ಅಂತ ಸಿದ್ದಾಜಿ ನಂಬಿದಳೋ, ನಂಬಿದ ಹಾಗೆ ಇದ್ದಳೋ, ಅದು ಅವಳಿಗೇ ಗೊತ್ತು. ಚುಕ್ಕೆ ಕೋಳಿಯ ಕಾಲಿಗೆ ಎಣ್ಣೆ ಹಚ್ಚೋಕೆ ಶುರುಮಾಡಿದಳಂತೆ. ಕೋಳಿಗೂ ಜಂಬ ಬಂದು ಹೊಸಿಲ ಮೇಲೆ ಕೂರುತ್ತಿತ್ತಂತೆ. ಬಾಣಂತಿಯ ಕೆನ್ನೆಗೆ ಬಣ್ಣ ಬಂತು. ಮಗುವಿನ ಅಳು ಎರಡನೇ ಮನೆಗೆ ಕೇಳಿಸಿತು, ಆಮೇಲೆ ನಾಲ್ಕನೇ ಮನೆಗೆ ಕೇಳಿಸಿತು.

ಹದಿಮೂರನೇ ದಿನ ಲಕ್ಕವ್ವ ಹಲ್ಲುಜ್ಜುತ್ತಾ ಗೋಡೆ ಮೇಲಿಂದ ಬಗ್ಗಿ ನೋಡಿದಳು. ಅವಳಿಗೆ ಬೇರೆಯವರ ಹಿತ್ತಲು ನೋಡದೆ ಹಲ್ಲು ಬೆಳ್ಳಗಾಗುತ್ತಿರಲಿಲ್ಲ. ನೋಡಿದರೆ, ದ್ಯಾವೀರಿ ತನ್ನ ಗೂಡಿನಿಂದ ಎರಡು ಮೊಟ್ಟೆ ತೆಗೆದು, ಆಚೆ ಈಚೆ ನೋಡಿ, ಹುಲ್ಲು ಮೆದೆಗೆ ತುರುಕುತ್ತಿದ್ದಾಳೆ. ತುರುಕಿ ಸೆರಗು ಸಿಕ್ಕಿಸಿ ಮೇಗಲಬೀದಿಗೆ ಜಗಳಕ್ಕೆ ಹೊರಟಳು.

ಲಕ್ಕವ್ವನ ಬಾಯಲ್ಲಿದ್ದ ಬೇವಿನಕಡ್ಡಿ ಬಿದ್ದುಹೋಯಿತಂತೆ. ಬೇರೆ ಯಾರೇ ಆಗಿದ್ದರೂ, ಓಹೋ, ಹೀಗಾ ಅಂದುಕೊಂಡು ಸುಮ್ಮನಾಗುತ್ತಿದ್ದರು. ಲಕ್ಕವ್ವನಿಗೆ ಹೊಳೆದದ್ದೇ ಬೇರೆ. ಮೊಟ್ಟೆ! ಕದ್ದುಮುಚ್ಚಿ! ಬಾಣಂತಿ ಮನೆಗೆ! ಮಾಟ! ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ದ್ಯಾವೀರಿ ಮಂತ್ರಿಸಿದ ಮೊಟ್ಟೆ ತಿನ್ನಿಸಿ ಸಿದ್ದಾಜಿಯ ಮೊಮ್ಮಗಳನ್ನು ಬಲಿ ತಗೋತಿದ್ದಾಳೆ ಅಂತ ಊರಿಗೆಲ್ಲ ಗೊತ್ತಾಯಿತು. ಅದೇ ಹೊತ್ತಿಗೆ ಸರಿಯಾಗಿ ಮಗು ಎರಡು ಸಲ ಸೀನಿತಂತೆ. ಇನ್ನೇನು ಬೇಕು?

ಹೊಂಗೆಮರದ ಕಟ್ಟೆಗೆ ನ್ಯಾಯ ಸೇರಿತು. ಪಟೇಲ ಜವರಪ್ಪ ಊಟ ಮಾಡಿ ಅಡ್ಡಾಗಿದ್ದವನು ಎದ್ದು ಬಂದು ಕೂತ. ಮಾಟ ಮಾಡಿದ್ದು ನಿಜವಾದರೆ ಕೋಳಿಗಳನ್ನೆಲ್ಲ ಮಾರಮ್ಮನಿಗೆ ಕುಯ್ಯೋದು, ದ್ಯಾವೀರಿಗೆ ಊರಿನ ಬೆಂಕಿ ನೀರು ನಿಲ್ಲಿಸಿ ಗಡಿ ದಾಟಿಸೋದು, ಇದು ಹಿಂದಿನಿಂದ ನಡೆದು ಬಂದ ಕಟ್ಟಳೆ ಅಂದ. ಲಕ್ಕವ್ವ ಸೊಂಟಕ್ಕೆ ಕೈಯಿಟ್ಟು ಹೇಳಿದಳಂತೆ:

‘ಕಣ್ಣಾರೆ ಕಂಡೆ ಗೌಡ್ರೇ. ತನ್ನ ಕೋಳಿ ಮೊಟ್ಟೆ ತಾನೇ ಮೆದೇಲಿ ಇಡ್ತಾಳೆ. ಇಟ್ಟು, ನಿನ್ನ ಕೋಳೀದು ಅಂತ ಬೇರೆಯವರಿಗೆ ಕಟ್ತಾಳೆ. ಬುದ್ಧಿ ಇರೋರು ಯಾರಾದ್ರೂ ತಮ್ಮ ಸ್ವತ್ತು ಇನ್ನೊಬ್ಬರದು ಅಂತ ಜಗಳ ಆಡ್ತಾರಾ?’

ಆಗ ಕುಂಬಾರ ತಾತ ತನ್ನ ಒಲೆ ಪಕ್ಕದ ಕುಂಟು ಕೋಳಿಯನ್ನು ನೆನೆದ. ಅದು ಯಾವತ್ತೂ ಕುಂಟಿರಲಿಲ್ಲ. ಆಚೆಮನೆ ಸೊಸೆಗೆ ದ್ಯಾವೀರಿ ಕೋಳಿ ಪಾಲಿಗೆ ಕೊಟ್ಟಿದ್ದಳು. ಪಾಲು ಅಂದರೆ ಗೊತ್ತಲ್ಲ, ಹುಟ್ಟಿದ ಮರಿಯಲ್ಲಿ ಅರ್ಧ ಸಾಕಿದವಳಿಗೆ, ಅರ್ಧ ಒಡತಿಗೆ. ದ್ಯಾವೀರಿ ತನ್ನ ಅರ್ಧ ತಗೊಳ್ಳೋಕೆ ಬಂದು, ಥೂ, ಎಲ್ಲ ಕುರುಡು ಕುಂಟು ಮಾಡಿದ್ದೀಯ, ನನಗೆ ಬೇಡ ಅಂತ ಬೈದು ಹೋಗಿದ್ದಳು. ಆ ಸೊಸೆ ಈಗ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ತಾವು ಗೆದ್ದ ಜಗಳ ನೆನಪು ಮಾಡಿಕೊಂಡರು. ಒಬ್ಬೊಬ್ಬರಾಗಿ ಎಲ್ಲರೂ ನೆಲ ನೋಡಿದರು.

ಕೊನೆಗೆ ಲಕ್ಕವ್ವನೂ ತಾನು ಏನು ಹೇಳಿದೆ ಅಂತ ತಾನೇ ಕೇಳಿಸಿಕೊಂಡಳು. ಒಂಬತ್ತು ಮರಿ. ಅವಳ ಕೈ ಸೊಂಟದಿಂದ ಜಾರಿತಂತೆ. ಆದರೆ ಕಟ್ಟೆ ಮೇಲೆ ಆಡಿದ ಮಾತು ವಾಪಸ್ ತಗೊಳ್ಳೋ ಹಾಗಿಲ್ಲ.

ದ್ಯಾವೀರಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಯ್ಯೋ, ಪಾಪ ಅಂತ ಕೊಟ್ಟೆ ಅಂದಿದ್ದರೆ ಸಾಕಿತ್ತು. ಆದರೆ ಅಷ್ಟು ಹೇಳಿದ್ದರೆ ಸಿದ್ದಾಜಿ ಇನ್ನೊಂದು ಮೊಟ್ಟೆ ಮುಟ್ಟುತ್ತಿರಲಿಲ್ಲ, ಬಾಣಂತಿ ಮತ್ತೆ ಹಾಸಿಗೆಗೆ ಅಂಟುತ್ತಿದ್ದಳು. ಅದು ದ್ಯಾವೀರಿಗೆ ಗೊತ್ತು. ಅವಳು ಕಟ್ಟೆಗೆ ಕೈ ಬಡಿದು ಕೂಗಿದಳಂತೆ:

‘ಸುಳ್ಳು! ಅವಳ ಕಣ್ಣಿಗೆ ಪೊರೆ ಬಂದಿದೆ. ಅದು ಸಿದ್ದಾಜಿ ಕೋಳಿ ಮೊಟ್ಟೆಯೇ. ಗೊಡ್ಡು ಕೋಳಿಯಲ್ಲ ಅದು, ದಿನಾ ಬಂದು ಇಕ್ಕಿ ನನ್ನ ಮೆದೆ ಹಾಳು ಮಾಡಿದೆ, ಅದಕ್ಕೆ ನ್ಯಾಯ ಹೇಳಿ ಮೊದಲು!’

ಪಟೇಲ ತಲೆ ಕೆರೆದುಕೊಂಡ. ಕೆರೆದುಕೊಂಡು ತೀರ್ಪು ಕೊಟ್ಟ. ನಾಳೆ ಹೊತ್ತು ಮೂಡಿದಾಗ ಚುಕ್ಕೆ ಕೋಳಿಯನ್ನು ಕಟ್ಟೆ ಮೇಲೆ ಬಿದಿರು ಕುಕ್ಕೆಯಡಿ ಮುಚ್ಚೋದು. ದನ ಮನೆಗೆ ಬರೋ ಹೊತ್ತಿಗೆ ಎತ್ತೋದು. ಮೊಟ್ಟೆಯಿದ್ದರೆ ದ್ಯಾವೀರಿ ಹೇಳಿದ್ದು ನಿಜ, ಇಲ್ಲದಿದ್ದರೆ ಮಾಟ ನಿಜ. ಮಧ್ಯದಲ್ಲಿ ಯಾರೂ ಕುಕ್ಕೆ ಎತ್ತಿ ನೋಡಬಾರದು. ಮನೆಗೊಬ್ಬರಂತೆ ಸರದಿಯ ಮೇಲೆ ಕಾಯಬೇಕು.

ಮಾರನೇ ದಿನ ದ್ಯಾವೀರಿಯನ್ನು ಮಾರಮ್ಮನ ಗುಡಿ ಜಗಲಿ ಮೇಲೆ ಕೂರಿಸಿದರು. ಸಿದ್ದಾಜಿ ಬಾಗಿಲು ಹಾಕಿಕೊಂಡು ಒಳಗೆ ಕೂತಳು. ತನ್ನ ಕೋಳಿಯ ಹೊಟ್ಟೆಯಲ್ಲಿ ಏನೂ ಇಲ್ಲ ಅಂತ ಅವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಸಂಜೆಗೆ ದ್ಯಾವೀರಿ ಊರು ಬಿಡುತ್ತಾಳೆ, ತಾನು ಹದಿಮೂರು ದಿನ ಬೇಡಿ ತಿಂದವಳಾಗುತ್ತೇನೆ, ಮಗಳು ಏನಾಗುತ್ತಾಳೋ. ಒಲೆ ಹಚ್ಚಲಿಲ್ಲವಂತೆ ಅವಳು.

ಇತ್ತ ಕಟ್ಟೆ ಮೇಲೆ ಒಂದು ವಿಚಿತ್ರ ನಡೆಯಿತು. ಯಾವತ್ತೂ ಊರ ಕೆಲಸಕ್ಕೆ ಕರೆದರೆ ಹೊಟ್ಟೆನೋವು ಅನ್ನೋ ಜನ, ಅವತ್ತು ಕೋಳಿ ಕಾಯೋಕೆ ನಾ ಮುಂದು ತಾ ಮುಂದು ಅಂತ ಬಂದರಂತೆ. ಬಂದವರು ಕಾಯುತ್ತಿದ್ದವರನ್ನು, ಹೋಗು, ಮುದ್ದೆ ಆರಿಹೋಗುತ್ತೆ, ನಾನೊಬ್ಬನೇ ಇರ್ತೀನಿ ಅಂತ ಎಬ್ಬಿಸಿ ಕಳಿಸುತ್ತಿದ್ದರಂತೆ. ಕುಂಬಾರ ತಾತ ಬಂದ, ಕೂತ, ಹೋದ. ಆಚೆಮನೆ ಸೊಸೆ ಮಡಿಲು ಹಿಡಿದುಕೊಂಡು ಬಂದಳು, ಕೂತಳು, ಸೆರಗು ಕೊಡವಿಕೊಂಡು ಹೋದಳು. ಪಟೇಲನೂ ಊಟದ ಹೊತ್ತಿಗೆ ಬಾಯಿ ಒರೆಸಿಕೊಳ್ಳುತ್ತಾ ಬಂದು ಒಂದು ಗಳಿಗೆ ಕಾದ. ಲಕ್ಕವ್ವನೂ ಬಂದಳು. ಕುಕ್ಕೆಯೊಳಗಿಂದ ಆಗಾಗ ‘ಕೊಕ್’ ಅಂತ ಸಿಟ್ಟಿನ ಸದ್ದು ಬರುತ್ತಿತ್ತು, ಅದರ ಹಿಂದೆಯೇ ‘ಹಾ’ ಅಂತ ಮನುಷ್ಯರ ಸದ್ದು. ಅಷ್ಟೇ.

ದನ ಮನೆಗೆ ಬಂದವು. ಊರೆಲ್ಲ ಕಟ್ಟೆಗೆ ಬಂತು. ದ್ಯಾವೀರಿಯನ್ನು ಕರೆತಂದರು, ಸಿದ್ದಾಜಿಯೂ ಬಂದಳು. ಪಟೇಲ ಕುಕ್ಕೆ ಎತ್ತಿದ.

ಹದಿನೇಳು ಮೊಟ್ಟೆ.

ಹದಿನೇಳು ಅಂತ ನಮ್ಮಜ್ಜಿ ಲೆಕ್ಕ. ಇಪ್ಪತ್ತೊಂದು ಅಂತಲೂ ಅಂತಾರೆ. ಬಿಳಿಯದು, ಕಂದು, ಪುಟ್ಟದು, ಉದ್ದನೆಯದು, ಕುಂಬಾರರ ಮಣ್ಣು ಮೆತ್ತಿದ್ದು. ಅವುಗಳ ಮೇಲೆ ಚುಕ್ಕೆ ಕೋಳಿ ಗರಿ ಕೆದರಿಕೊಂಡು ಕೂತಿತ್ತು. ಇಷ್ಟನ್ನೂ ನಾನೇ ಇಕ್ಕಿದೆನಾ ಅಂತ ಅದಕ್ಕೇ ಅನುಮಾನ ಬಂದ ಹಾಗಿತ್ತಂತೆ. ಪಕ್ಕದಲ್ಲಿ ಒಂದು ದಪ್ಪನೆಯ ನೀಲಿ ಛಾಯೆಯ ಮೊಟ್ಟೆ. ಅದು ಬಾತುಕೋಳಿಯದು. ಊರಿಗೆಲ್ಲ ಬಾತು ಸಾಕಿದ್ದವಳು ಲಕ್ಕವ್ವ ಒಬ್ಬಳೇ. ಕೋಳಿ ಗಾಬರಿಯಾಗಿ ಎದ್ದಾಗ ಒಂದು ಮೊಟ್ಟೆ ಉರುಳಿ ಕಟ್ಟೆಯಿಂದ ಕಲ್ಲಿನ ಮೇಲೆ ಬಿತ್ತು. ಒಡೆಯಲಿಲ್ಲ. ಪುಟಿಯಿತು. ಬೇಯಿಸಿದ ಮೊಟ್ಟೆ. ಸಿಪ್ಪೆ ಸುಲಿದು ಉಪ್ಪು ಹಚ್ಚಿತ್ತು ಅಂತಲೂ ಹೇಳೋರಿದ್ದಾರೆ, ಅದು ಜಾಸ್ತಿಯಾಯಿತು, ನಾನು ಒಪ್ಪಲ್ಲ. ಬೇಯಿಸಿದ್ದಂತೂ ನಿಜ. ಪಟೇಲನ ಹೆಂಡತಿ ಗಂಡನ ಮುಖ ನೋಡಿದಳು. ಪಟೇಲ ಕೆಮ್ಮಿದ.

‘ಹಳೇ ಕಾಲದ ಕೋಳಿ’ ಅಂದನಂತೆ. ‘ಗಟ್ಟಿ ಮೊಟ್ಟೆ ಇಕ್ಕುತ್ತೆ. ನ್ಯಾಯ ಮುಗೀತು.’

ಒಬ್ಬರೂ ನಗಲಿಲ್ಲ. ಯಾಕೆಂದರೆ ಎಲ್ಲರೂ ಸಿದ್ದಾಜಿಯನ್ನೇ ನೋಡುತ್ತಿದ್ದರು. ಸಿದ್ದಾಜಿ ಮೊಟ್ಟೆ ನೋಡಿದಳು. ಆಮೇಲೆ ಜನರ ಕೈ ನೋಡಿದಳು. ಒಬ್ಬೊಬ್ಬರ ಬಲಗೈ ಮೇಲೂ ಕೋಳಿ ಕುಕ್ಕಿದ ಕೆಂಪು ಗಾಯ. ಅವಳು ನೋಡಿದ ಕಡೆಯೆಲ್ಲ ಜನ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರಂತೆ. ಪಟೇಲನೂ ಬಚ್ಚಿಟ್ಟುಕೊಂಡ. ಸಿದ್ದಾಜಿಯ ಮುಖ ಕೆಂಪಾಯಿತು, ಬೆಳ್ಳಗಾಯಿತು, ಮತ್ತೆ ಕೆಂಪಾಯಿತು. ಈ ಹೆಂಗಸು ಈಗ ಮೊಟ್ಟೆಗಳನ್ನು ಒದ್ದು ಹೋಗುತ್ತಾಳೆ, ಮಗಳನ್ನು ಸಾಯಿಸಿಕೊಳ್ಳುತ್ತಾಳೆ ಅಂತ ಎಲ್ಲರೂ ಅಂದುಕೊಂಡರು.

ಸಿದ್ದಾಜಿ ಸೆರಗು ಹರಡಿದಳು. ಒಂದೊಂದೇ ಮೊಟ್ಟೆ ಎತ್ತಿ ಹಾಕಿಕೊಂಡಳು, ಬಾತಿನದ್ದನ್ನೂ, ಬೇಯಿಸಿದ್ದನ್ನೂ ಬಿಡದೆ. ಎದ್ದು ನೇರವಾಗಿ ದ್ಯಾವೀರಿಯ ಮುಂದೆ ಹೋಗಿ ನಿಂತಳು.

‘ಏನೇ ಗಯ್ಯಾಳಿ!’ ಅಂತ ಕಿರುಚಿದಳಂತೆ. ‘ನನ್ನ ಕೋಳಿ ಒಂದು ಹಗಲಿಗೆ ಹದಿನೇಳು ಇಕ್ಕುತ್ತೆ. ನೀನು ಹದಿಮೂರು ದಿನದಿಂದ ನನಗೆ ಬರೀ ಎರಡೆರಡು ಕೊಟ್ಟಿದ್ದೀಯ. ಉಳಿದದ್ದೆಲ್ಲ ಎಲ್ಲಿ ಮಡಗಿದ್ದೀಯೇ?’

ದ್ಯಾವೀರಿಗೆ ಹುಟ್ಟಿದಾಗಿನಿಂದ ಮಾತು ಸಿಕ್ಕದೆ ಹೋದದ್ದು ಆವತ್ತೊಂದೇ ದಿನ ಅಂತಾರೆ. ಕಣ್ಣೊರೆಸಿಕೊಂಡಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ಹುಡುಕಿ ತಂದು ನಿನ್ನ ಮೂತಿಗೆ ಎಸೀತೀನಿ ಕಣೇ, ದಿನಾ ಎಸೀತೀನಿ!’ ಅಂದಳಂತೆ. ಆಗ ಜನ ನಕ್ಕರು ನೋಡಿ. ಕಾಗೆಗಳು ಇನ್ನೊಂದು ಸಲ ಎದ್ದುಹೋದವು.

ಬಾಣಂತಿ ಎದ್ದು ಓಡಾಡಿದಳು. ಆ ಮಗು ಬೆಳೆದು ಎಷ್ಟು ದಪ್ಪಗಾಯಿತು ಅಂದರೆ ಮದುವೆಯಲ್ಲಿ ಅವಳನ್ನು ಹಸೆಮಣೆಯಿಂದ ಎಬ್ಬಿಸೋಕೆ ಇಬ್ಬರು ಬೇಕಾಯಿತಂತೆ. ದ್ಯಾವೀರಿ ಎಷ್ಟು ವರ್ಷ ಬದುಕಿದಳೋ ಗೊತ್ತಿಲ್ಲ, ಸತ್ತ ದಿನವೂ ಯಾರದೋ ಬಾಗಿಲಲ್ಲಿ ಕಿರುಚಿ ಬಂದು ಮಲಗಿದಳು ಅಂತಾರೆ. ಲಕ್ಕವ್ವ ಮಾತ್ರ ಬಾತು ಮೊಟ್ಟೆ ತನ್ನದಲ್ಲ ಅಂತ ಸಾಯೋವರೆಗೂ ಸಾಧಿಸಿದಳು. ನಮ್ಮ ಮನೆತನವೇ ಹಾಗೆ.

ಇವತ್ತಿಗೂ ಹೊನ್ನೆಕೊಪ್ಪಲಿನಲ್ಲಿ ಯಾರೂ ಯಾರಿಗೂ ‘ತಗೊಳ್ಳಿ’ ಅಂತ ಏನೂ ಕೊಡಲ್ಲ. ಕೊಡಬೇಕು ಅನ್ನಿಸಿದರೆ ಬಾಗಿಲಿಗೆ ಹೋಗಿ, ನಿಮ್ಮ ಕೋಳಿ ನಮ್ಮ ಹಿತ್ತಲಲ್ಲಿ ಇಕ್ಕಿತ್ತು, ಎತ್ತಿಕೊಂಡು ಹೋಗಿ ಅಂತ ಬೈಯಬೇಕು. ಕೊಟ್ಟದ್ದು ಬೇಳೆಯಾಗಲಿ, ಸೀರೆಯಾಗಲಿ, ಕುಂಬಳಕಾಯಿಯಾಗಲಿ, ಕೋಳಿಯೇ ಇಕ್ಕಿದ್ದು. ತಗೊಂಡವರು ತಿರುಗಿ ಬೈಯಬೇಕು. ನಿಮ್ಮಿಂದ ಬಲು ಉಪಕಾರವಾಯಿತು ಅಂದರೆ ಅವಮಾನ. ಹೊಸದಾಗಿ ಬಂದ ಸೊಸೆಯರು ಗೊತ್ತಿಲ್ಲದೆ, ಅಯ್ಯೋ, ನಮ್ಮನೇಲಿ ಕೋಳಿಯೇ ಇಲ್ಲವಲ್ಲ ಅನ್ನೋಕೆ ಹೋದರೆ ಅತ್ತೆ ಹಿಂದಿನಿಂದ ಜಿಗುಟುತ್ತಾಳೆ.

ಹೋದ ವರ್ಷ ಅಲ್ಲಿ ದೊಳ್ಳಯ್ಯ ಅನ್ನೋನ ಹಸು ಹಾವು ಕಚ್ಚಿ ಸತ್ತುಹೋಯಿತು. ಮೂರು ದಿನ ಆ ಮನೆಯವರು ಯಾರಿಗೂ ಮುಖ ತೋರಿಸಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಪಕ್ಕದ ಮನೆ ಚಿಕ್ಕಜ್ಜಮ್ಮ ಒಂದು ಕಪ್ಪು ಕಡಸನ್ನು ಹಗ್ಗ ಹಿಡಿದು ಎಳೆದುಕೊಂಡು ಬಂದು ಅವನ ಬಾಗಿಲಲ್ಲಿ ನಿಲ್ಲಿಸಿದಳಂತೆ. ‘ಏನಯ್ಯಾ ದೊಳ್ಳಯ್ಯ, ನಿಮ್ಮನೆ ಕೋಳಿಗೆ ಹೇಳೋರು ಕೇಳೋರು ಇಲ್ವಾ? ನೋಡು, ನಮ್ಮ ಕೊಟ್ಟಿಗೇಲಿ ಏನಿಕ್ಕಿದೆ!’ ಅಂತ ಕೂಗಿದಳಂತೆ. ದೊಳ್ಳಯ್ಯ ಆಚೆ ಬಂದ. ಕಡಸಿನ ಬೆನ್ನು ಸವರಿದ, ಹಲ್ಲು ನೋಡಿದ. ಆಮೇಲೆ ಮೂರು ಬೀದಿಗೂ ಕೇಳಿಸೋ ಹಾಗೆ ಗದರಿದನಂತೆ:

‘ಒಂದೇನಾ?’